ಬಾಟಲಿಯಲ್ಲಿ ಉಳಿದದ್ದು

ಔಷಧ ಸಂಶೋಧನೆಯ ಪ್ರಯೋಗಾಲಯದಲ್ಲಿ ಮೇಡಂ ಮೂರನೆಯ ಇಲಿಯ ಹೊಟ್ಟೆ ಕುಯ್ದರು. ಲಿವರನ್ನು ತಟ್ಟೆಗೆ ಹಾಕಿ ದೀಪದ ಕೆಳಗೆ ತಂದರು. ಕಡುಗೆಂಪಾಗಿ ನುಣ್ಣಗಿರಬೇಕಾದದ್ದು ಮಾಸಲು ಬಣ್ಣಕ್ಕೆ ತಿರುಗಿ, ಮೇಲೆಲ್ಲ ಚುಕ್ಕೆ ಎದ್ದಿತ್ತು. ಬಾವು ಇಳಿಸುವ ಮದ್ದೆಂದು ಪರೀಕ್ಷಿಸುತ್ತಿದ್ದ ಎಲೆಯ ಸಾರವನ್ನು ಇಪ್ಪತ್ತೆಂಟು ದಿನ ಬಿಡದೆ ಕುಡಿದ ಇಲಿ ಅದು.

"ಇದೂ ಹಾಗೇ ಕೆಟ್ಟಿದೆ," ಎಂದರು. "ಮುಗೀತು ಬಿಡಿ, ಇಲಿಮಾವ. ಮೂರು ವರ್ಷದ ಕೆಲ್ಸ ಮಣ್ಣುಪಾಲು."

ಪ್ರಾಣಿಗಳ ಕೋಣೆಯ ಅಟೆಂಡರನನ್ನು ಇಲಿಮಾವ ಎಂದು ಯಾರು ಕರೆದರೋ, ಅವನ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಪ್ರಯೋಗಕ್ಕೆಂದು ಸೂಜಿ ಚುಚ್ಚಿ ಊದಿಸಿದ ಇಲಿಯ ಕಾಲನ್ನು ಗಾಜಿನ ಕೊಳವೆಯ ನೀರಿಗೆ ಅದ್ದಿ, ನೀರು ಎಷ್ಟು ಏರಿತೆಂದು ಅಳೆಯುವಾಗ, ಅದು ಕೊಸರಾಡದಂತೆ ಹಿಡಿಯಲು ಅವನೇ ಆಗಬೇಕು. ಸಾರ ಕುಡಿಸಿದ ಇಲಿಗಳ ಬಾವು ಮೂರೇ ಗಂಟೆಯಲ್ಲಿ ಇಳಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಂಡದ್ದೇ ಎಡವಟ್ಟಾಯಿತು.

ದಿನದ ಕೊನೆಗೆ ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಚೆಲ್ಲಿ, ಚೆಲ್ಲಿದ್ದೇನೆಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಒಂದು ತಿಂಗಳಿಂದ ಅವನು ಸಹಿಯನ್ನಷ್ಟೇ ಹಾಕಿ, ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದ. ಹೆಂಡತಿಯ ಮಂಡಿ ಊದಿಕೊಂಡು ಐದು ವರ್ಷವಾಗಿತ್ತು. ಮೂರನೆಯ ಮಹಡಿಯ ಮನೆಯಿಂದ ಕೆಳಗಿಳಿಯುವುದೆಂದರೆ ಅವಳಿಗೆ ಪರದೇಶಕ್ಕೆ ಹೋದಂತೆ. ದಿನಕ್ಕೆರಡು ಚಮಚ ಕೊಟ್ಟ. ಎರಡನೆಯ ವಾರಕ್ಕೇ ಗೋಡೆ ಹಿಡಿಯದೆ ಅಡುಗೆಮನೆಗೆ ನಡೆದಳು. ಪಾಪ, ಎಷ್ಟು ಹಿಗ್ಗಿದ್ದ ಅವನು!

"ಮೇಡಂ, ಇದನ್ನ ಮನುಷ್ಯರು ಕುಡಿದಿದ್ರೆ?"

ಮೇಡಂ ಕೈಗವಸು ಬಿಚ್ಚುತ್ತಾ ಬೇಸರದ ನಗೆ ನಕ್ಕರು. "ಯಾರು ಕುಡೀತಾರೆ? ಉಳಿದಿದ್ದನ್ನೆಲ್ಲ ನೀವೇ ಚೆಲ್ತಿದ್ರಲ್ಲ."

"ಸುಮ್ನೆ ಕೇಳ್ದೆ."

"ಇಲಿಗಾದದ್ದೇ ಮನುಷ್ಯರಿಗೂ ಆಗ್ಬೇಕು ಅಂತೇನಿಲ್ಲ. ಆದ್ರೂ ನಮ್ಮನೆಯವ್ರಿಗಂತೂ ನಾನು ಒಂದು ಹನಿ ಕೊಡಲ್ಲಪ್ಪ."

ಹೇಳಿಬಿಡಬೇಕೆಂದುಕೊಂಡ. ಆದರೆ ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು, ಪುಸ್ತಕದ ತುಂಬ ಅವನದೇ ಸಹಿ. ತಲೆನೋವೆಂದು ನೆಪ ಹೇಳಿ ಮಧ್ಯಾಹ್ನವೇ ಹೊರಟ, ಹೇಡಿ. ಮನೆಗೆ ಹೋದೊಡನೆ ಬಾಟಲಿಯನ್ನು ಬರಿದು ಮಾಡಬೇಕು, ಅವಳನ್ನು ಡಾಕ್ಟರಿಗೆ ತೋರಿಸಬೇಕು. ಆದರೆ ಅವಳಿಗೆ ಏನೆಂದು ಹೇಳುವುದು?

ಬಸ್ಸಿಳಿದವನು ಕಕ್ಕಾಬಿಕ್ಕಿಯಾದ. ಬೀದಿಯ ಕೊನೆಯ ತರಕಾರಿ ಗಾಡಿಯ ಮುಂದೆ ನಿಂತು ಹೆಂಡತಿ ಚೌಕಾಸಿ ಮಾಡುತ್ತಿದ್ದಳು.

"ಅಯ್ಯೋ, ಇಷ್ಟು ಬೇಗ ಬಂದುಬಿಟ್ರಾ? ಸಂಜೆ ಹೇಳಿ ನಿಮ್ಮನ್ನ ದಂಗುಬಡಿಸೋಣ ಅಂತಿದ್ದೆ. ಒಬ್ಳೇ ಇಳ್ಕೊಂಡು ಬಂದೆ ಕಣ್ರೀ, ಎಲ್ಲಾ ಮೆಟ್ಲೂ!"

ಹೇಳುತ್ತಲೇ ಮೊಣಕೈ ಪರಪರ ಕೆರೆದುಕೊಂಡಳು. ಅವನು ಅವಳ ಗಲ್ಲ ಹಿಡಿದು ಮುಖವನ್ನು ಬಿಸಿಲಿನ ಕಡೆ ತಿರುಗಿಸಿದ.

"ಬೀದೀಲಿ ಏನ್ರೀ ಇದು, ಈ ವಯಸ್ಸಲ್ಲಿ!" ಎಂದು ನಾಚಿದಳು. ಆದರೂ ಕಣ್ಣರಳಿಸಿ ನಿಂತಳು. ಕಣ್ಣಿನ ಬಿಳಿಯೆಲ್ಲ ಹಳದಿಯಾಗಿತ್ತು. ಎಷ್ಟು ದಿನದಿಂದಲೋ ಏನೋ. ಅವನು ಮಂಡಿಯನ್ನಷ್ಟೇ ನೋಡುತ್ತಿದ್ದ.

"ನಡಿ, ಆಸ್ಪತ್ರೆಗೆ ಹೋಗೋಣ."

"ಆಸ್ಪತ್ರೆಗಾ? ಯಾಕ್ರೀ, ಏನಾಯ್ತು ನಿಮಗೆ?"

ಅವಳು ಗಾಬರಿಯಿಂದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, ಅವನ ತೋಳು ಹಿಡಿದು, ದೊಡ್ಡ ರಸ್ತೆಯ ಕಡೆಗೆ ಬಿರಬಿರನೆ ನಡೆಸಿಕೊಂಡು ಹೊರಟಳು.