ಕಲ್ಲಿನ ಪಕ್ಕದ ಕಾರ್ನರ್

"ಯಾರ್ಯಾರ್ ಹೊರ್ಗಾಗಿದ್ದೀರ, ಕೈ ಎತ್ರಮ್ಮಿ. ಹೊತ್ತಾಯ್ತು."

ಬೈಲಪ್ಪ ಗೇಟಿನ ಸರಪಳಿಯನ್ನು ಬಿಡದೆ ಕೇಳಿದ. ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡದ ಶಿಬಿರಕ್ಕೆ ಬಂದ ಹುಡುಗಿಯರು ಬೂಟು ಕೈಯಲ್ಲಿ ಹಿಡಿದು ಸಾಲಾಗಿ ನಿಂತಿದ್ದರು. ಹಿಂದಿನಿಂದ ಎರಡು ಕೈ ಎದ್ದವು. ಭವ್ಯಳಿಗೂ ಬೆಳಗ್ಗೆಯೇ ಮುಟ್ಟಾಗಿತ್ತು. ಅವಳು ಕೈಯನ್ನು ಬೂಟಿನೊಳಗೆ ತೂರಿಸಿಕೊಂಡು ನಿಂತಳು. ಇವತ್ತು ಆಯ್ಕೆಯ ಪಂದ್ಯ. ಆಯ್ಕೆದಾರರು ಆಗಲೇ ಬಂದು ನೆರಳಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಆಡಿದವಳು ದೇಶದ ತಂಡಕ್ಕೆ ಹೋಗಬಹುದು, ಮೈದಾನದ ಸುತ್ತಲಿನ ಬಲೆಯಾಚೆ ಕೂತವಳು ಮನೆಗೆ.

ದೊಡ್ಡನೆಕ್ಕುಂದಿಯಲ್ಲಿ ಬೈಲಪ್ಪನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಈಗ ಅವನು ಬಾಡಿಗೆಗೆ ಬಿಡುವ ಪ್ಲಾಸ್ಟಿಕ್ ಹುಲ್ಲಿನ ಮೈದಾನ. ಊರಮ್ಮನ ಕಲ್ಲು ಮಾತ್ರ ಇದ್ದಲ್ಲೇ ಇದೆ, ಕಾರ್ನರ್ ಬಾವುಟದ ಪಕ್ಕದಲ್ಲಿ, ಅರಿಶಿನ ಕುಂಕುಮ ಬಳಿದುಕೊಂಡು. ಫುಟ್‌ಬಾಲ್ ಸಂಘದವರು ತಮ್ಮ ಮೈದಾನವನ್ನು ಸಂಗೀತ ಸಂಜೆಗೆ ಬಾಡಿಗೆ ಕೊಟ್ಟಿದ್ದರಿಂದ ಶಿಬಿರ ಇಲ್ಲಿಗೆ ಬಂತು. ಅಮ್ಮನಿಗೆ ಮೈಲಿಗೆ ಆಗದು ಎಂದು ಬೈಲಪ್ಪ ಮೊದಲೇ ಹೇಳಿದ್ದ. ಸಂಘದವರು ಮೊದಲೇ ಒಪ್ಪಿದ್ದರು. ಮುಟ್ಟಾದವರು ಬಲೆಯಾಚೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳದ ಮೇಲೆ ಕೂತು ನೋಡಬೇಕು. ಮೊದಲ ದಿನ ಹೊರರಾಜ್ಯದ ಹುಡುಗಿಯರು ಹಾಜರಿ ಕರೆಯುತ್ತಿದ್ದಾನೆ ಎಂದುಕೊಂಡು ಕೈ ಎತ್ತಿದರು. ಅವರನ್ನು ನೋಡಿ ಉಳಿದವರೂ ಎತ್ತಿದರು. ಆ ದಿನ ಮೈದಾನದಲ್ಲಿ ಕೋಚ್ ಒಬ್ಬರೇ ಇದ್ದರು.

ಕಲ್ಲಿನ ಹತ್ತಿರ ಬೂಟುಗಾಲು ಹೋಗುವಂತಿಲ್ಲ. ಆ ಬಲಮೂಲೆಯಲ್ಲಿ ಕಾರ್ನರ್ ಸಿಕ್ಕರೆ ಚೆಂಡನ್ನು ಎಡಮೂಲೆಗೆ ಒಯ್ದು ಹೊಡೆಯಬೇಕು. ಹೀಗೆ ಆಡಿ ಆಡಿ ತಂಡ ಎಡಗಡೆಯಿಂದಲೇ ನುಗ್ಗುವುದನ್ನು ರೂಢಿಸಿಕೊಂಡಿತು. ಪತ್ರಿಕೆಯೊಂದು ಅದನ್ನು ಕೋಚ್ ಶ್ವೇತ ಅವರ ಹೊಸ ತಂತ್ರವೆಂದು ಹೊಗಳಿತು. ಶ್ವೇತ ಅದನ್ನು ಅಲ್ಲಗಳೆಯಲಿಲ್ಲ. ಶನಿವಾರ ಸಂಜೆ ಕಂಪನಿ ಹುಡುಗರು ಬಿಯರ್ ಏರಿಸಿಕೊಂಡು ಇಲ್ಲೇ ಆಡುತ್ತಾರೆ, ಆ ಮೂಲೆಯಲ್ಲೇ ಕಕ್ಕುತ್ತಾರೆ. ಅದಕ್ಕೆ ಅಮ್ಮನ ತಕರಾರಿಲ್ಲ.

"ಏಯ್, ಹಲಸೂರೋಳೇ," ಬೈಲಪ್ಪ ಭವ್ಯಳ ಮುಂದೆ ನಿಂತ. "ಕಸ ಗುಡ್ಸೋ ಮುನಿಲಕ್ಷ್ಮಮ್ಮನ್ ಮಗಳಲ್ವಾ ನೀನು? ನಿಮ್ಮವ್ವ ಊರ್ ಗಲೀಜು ಬಳೀತಾಳೆ, ನೀನು ತಂದು ಇಲ್ಲಿ ಸುರೀಬೇಡ. ಆಗಿದ್ದೀಯಾ, ಇಲ್ವಾ?"

"ಇಲ್ಲ."

"ಊರಮ್ಮನ್ ಮೇಲಾಣೆ?"

ಹಿಂದೆ ನಿಂತಿದ್ದವಳು ಶಿವಾಜಿನಗರದ ಜಹನಾರಾ, ತಂಡದ ಗೋಲ್‌ಕೀಪರ್. "ಅಂಕಲ್, ಡಾಕ್ಟರ್ ಬೋರ್ಡ್ ಯಾವಾಗ್ ಹಾಕಿದ್ರಿ? ನಂಗೂ ಹಲ್ಲು ನೋವು, ಸ್ವಲ್ಪ ನೋಡ್ತೀರಾ?" ಎಂದು ಬಾಯಿ ತೆರೆದು ತೋರಿಸಿದಳು. ಸಾಲು ಕಿಸಕ್ಕೆಂದಿತು. ಬೈಲಪ್ಪ ಥೂ ಎಂದು ಸರಪಳಿ ಬಿಚ್ಚಿದ.

ಸಂಘ ಕೊಟ್ಟ ಚಡ್ಡಿ ಬಿಳಿ. ಗಂಡಸರ ತಂಡಕ್ಕೆ ಹೊಲಿಸಿ ಉಳಿದದ್ದು.

ಪಂದ್ಯದ ಕೊನೆಯ ಹೊತ್ತಿಗೆ ಆಯ್ಕೆದಾರರು ಇಡ್ಲಿ ಬಿಟ್ಟು ಭವ್ಯಳನ್ನೇ ನೋಡುತ್ತಿದ್ದರು. ಅವಳು ಒಬ್ಬಳೇ ಚೆಂಡನ್ನು ಬಲಗಡೆಯಿಂದ ಒಯ್ದಳು. ಎದುರಾಳಿಯ ಕಾಲಿಗೆ ತಾಗಿ ಅದು ಕಲ್ಲಿನ ಕಡೆಗೆ ಹೊರಹೋಯಿತು. ಕಾರ್ನರ್.

"ಭವ್ಯಾ! ಪೀಛೆ ದೇಖ್ ಗೇ!" ಆ ತುದಿಯಿಂದ ಜಹನಾರಾ ಕೂಗಿದಳು. "ಹಿಂದೆ ನೋಡ್ಕೊ ಮಗಾ!"

ಭವ್ಯ ಕೈ ಹಿಂದಕ್ಕೆ ಹಾಕಿ ತೆಗೆದಳು. ಬೆರಳು ಕೆಂಪಾಗಿತ್ತು. ಒರೆಸಲು ಬೇರೇನೂ ಇರಲಿಲ್ಲ, ಚಡ್ಡಿಯ ಮುಂಭಾಗಕ್ಕೇ ಒರೆಸಿದಳು.

ಬೈಲಪ್ಪ ಅಷ್ಟರಲ್ಲಿ ಓಡಿ ಬಂದಿದ್ದ. "ಹಲ್ಕಾ ಮುಂಡೆ! ಸುಳ್ಳೇಳಿ ನುಗ್ತೀಯೇನೇ? ಕೇರಿ ಬುದ್ಧಿ ಎಲ್ಲೋಗುತ್ತೆ! ಅಮ್ಮ ರಕ್ತ ಕಾರಿಸ್ತಾಳೆ ನೋಡ್ತಿರು!"

"ನಮ್ ಕೇರಿ ಅಮ್ಮಂಗೆ ವರ್ಷಾ ವರ್ಷಾ ಕುರಿ ಕಡೀತೀವಿ. ರಕ್ತ ಕಂಡ್ರೆ ಖುಷಿ ಅವಳ್ಗೆ," ಎಂದಳು ಭವ್ಯ. "ನಿಮ್ಮಮ್ಮ ಯಾಕ್ರೀ ಹೆದ್ರುಕೊಳ್ತಾಳೆ?"

ಚೆಂಡನ್ನು ಎಡಕ್ಕೆ ಒಯ್ಯಲಿಲ್ಲ. ಕಲ್ಲಿನ ಪಕ್ಕದಲ್ಲೇ ಇಟ್ಟಳು. ಬೈಲಪ್ಪ ಅವಳನ್ನು ಎಳೆಯಲು ಕೈ ಚಾಚಿದವನು, ಮುಟ್ಟಬೇಕಾಗುತ್ತದೆ ಎಂದು ನೆನಪಾಗಿ ಕೈ ಹಿಂದೆಗೆದ. ಅವಳು ಹೊಡೆದಳು. ಚೆಂಡು ಗೋಲಿನ ಮೇಲೆ, ಬಲೆಯ ಮೇಲೆ ಹಾದು ಸರ್ವೀಸ್ ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಅಡಿಗೆ ಹೋಯಿತು. ಆ ಮೂಲೆಯಿಂದ ಹೊಡೆದು ತಂಡದಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಪಂದ್ಯ ಅಲ್ಲಿಗೆ ನಿಂತಿತು.

ಶಿಬಿರದ ಮ್ಯಾನೇಜರ್ ಪ್ರೇಮ್‌ಕುಮಾರ್ ನೆರಳಿನಲ್ಲಿ ಬೈಲಪ್ಪನ ಜೊತೆ ಬಹಳ ಹೊತ್ತು ಮಾತಾಡಿ ಭವ್ಯಳ ಹತ್ತಿರ ಬಂದ. ಹುಡುಗಿಯರೆಲ್ಲ ಸುತ್ತ ನಿಂತಿದ್ದರು.

"ನೋಡು ಕಣ್ಣಾ, ಸೆಲೆಕ್ಟರ್ಸ್‌ಗೆ ನೀನು ಹಿಡಿಸಿದ್ದೀಯ. ನಿನ್ ಹೆಸ್ರು ಬರ್ದಾಯ್ತು. ಆದ್ರೆ ಬೈಲಪ್ಪೋರು ಗೇಟ್ ಹಾಕ್ತೀನಿ ಅಂತಿದ್ದಾರೆ. ಪೂಜಾರೀನ ಕರೆಸ್ತಾರೆ. ಒಂದ್ ಗುಟುಕು ಗಂಜಲ ಕುಡಿ, ಕಲ್ಲು ತೊಳಿ, ಅಡ್ಡಬೀಳು. ಇಲ್ಲಾಂದ್ರೆ ನಿಂಗೆ ಟೀಮ್ ಇಲ್ಲ, ಇವ್ರಿಗೆ ಗ್ರೌಂಡ್ ಇಲ್ಲ."

"ಕುಡಿಯಲ್ಲ."

ಪ್ರೇಮ್‌ಕುಮಾರ್ ನೆರಳಿಗೆ ಹೋಗಿ ಬಂದ. "ಗಂಜಲ ಬೇಡ್ವಂತೆ. ತೀರ್ಥ ಸಾಕಂತೆ."

"ಬೇಡ."

ಮತ್ತೆ ಹೋಗಿ ಬಂದ. ಮುಖ ಗೆಲುವಾಗಿತ್ತು. "ಕಲ್ಲು ತೊಳ್ಯೋದೂ ಬೇಡ್ವಂತೆ ನೋಡು. ನಿನ್ ಕೈಲಿ ಮುಟ್ಸಿದ್ರೆ ಇನ್ನೊಂದ್ ಶುದ್ಧಿ ಮಾಡ್ಬೇಕಾಗುತ್ತಂತೆ. ದೂರದಿಂದ ಕೈ ಮುಗಿ, ಆಯ್ತಾ?"

"ಮುಗಿಯಲ್ಲ."

ರಸೆಲ್ ಮಾರ್ಕೆಟ್ಟಿನಲ್ಲಿ ಬಾಡಿದ ಸೊಪ್ಪಿನ ಬೆಲೆ ಇಳಿಸುವವರೂ ಇಷ್ಟು ಬೇಗ ಇಳಿಸುವುದಿಲ್ಲ. ಶ್ವೇತ ಮೇಡಂ ಭವ್ಯಳ ಭುಜ ಹಿಡಿದರು. "ಇಷ್ಟ್ ವರ್ಷ ಓಡಿದ್ಯಲ್ಲೇ. ನಿಮ್ಮಮ್ಮನ್ ಮುಖಾನಾದ್ರೂ ನೋಡು." ಹೊರಗೆ ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ಅಳುತ್ತಿದ್ದಳು. ಇನ್ನೊಬ್ಬಳು, "ಇವಳ ದೆಸೆಯಿಂದ ನಮ್ದೆಲ್ಲಾ ಹೋಗುತ್ತೆ," ಎಂದು ಕೇಳುವಂತೆಯೇ ಬೈದಳು. ಜಹನಾರಾ ಅವಳ ಕಡೆ ತಿರುಗಿ, "ಚುಪ್ ಬೈಠ್," ಎಂದಳು. ಬಳಿಕ ಬಗ್ಗಿ ತನ್ನ ಬೂಟಿನ ಲೇಸು ಬಿಗಿಯತೊಡಗಿದಳು. ಅವಳ ಹೆಸರೂ ಆಯ್ಕೆಯಾಗಿತ್ತು.

ಪ್ರೇಮ್‌ಕುಮಾರ್ ಈ ಸಲ ನೆರಳಿಗೆ ಹೋಗಲಿಲ್ಲ. ಬಗ್ಗಿ, ದನಿ ತಗ್ಗಿಸಿ ಹೇಳಿದ.

"ಬರೀ 'ತಪ್ಪಾಯ್ತು' ಅನ್ನಮ್ಮಾ. ಜೋರಾಗೂ ಬೇಡ, ಅವ್ರ್ ಮುಂದೆನೂ ಬೇಡ. ನನ್ ಕಿವೀಲಿ ಅನ್ನು. ನಾನ್ ಹೋಗಿ ಹೇಳ್ತೀನಿ."

"ಅನ್ನಲ್ಲ," ಎಂದಳು ಭವ್ಯ.