ರಿಪೇರಿಯವರ ನಲವತ್ತೆರಡು ಪುಟ

ಸುದ್ದಿ ವೆಬ್‌ಸೈಟಿನ ಆಫೀಸಿನಲ್ಲಿ ಅವಳಿಗೆ ಟಿಪ್ಸಕ್ಕ ಅನ್ನುವ ಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ಕೆಲಸವೂ ಹನ್ನೊಂದು ವರ್ಷದಿಂದ ಒಂದೇ. ಬೆಳಿಗ್ಗೆ ಬಂದು ಕೂತು, ಸರ್ಚ್ ಎಂಜಿನ್ ಲೋಕದಲ್ಲಿ ಹಿಂದಿನ ದಿನ ಏನೇನು ಬದಲಾಯಿತು ಅಂತ ಹುಡುಕಬೇಕು. ಅದನ್ನು ಸಣ್ಣ ಅಂಗಡಿಯವರಿಗೆ, ಹಲ್ಲಿನ ಡಾಕ್ಟರಿಗೆ, ಬೀಗ ಮಾಡುವವರಿಗೆ, ಮನೆಪಾಠದ ಮೇಷ್ಟ್ರಿಗೆ ಅರ್ಥವಾಗುವ ಹಾಗೆ ಬರೆಯಬೇಕು. ಕೊನೆಗೆ ‘ಇಂದಿನ ಕಿವಿಮಾತು’ ಅಂತ ನಾಲ್ಕು ಸಾಲು ಸೇರಿಸಬೇಕು. ಜನ ಏನನ್ನಾದರೂ ಹುಡುಕಿದಾಗ ನಿಮ್ಮ ಅಂಗಡಿ ಮೊದಲು ಕಾಣಬೇಕಾದರೆ ಹೀಗೆ ಮಾಡಿ, ಹಾಗೆ ಮಾಡಬೇಡಿ, ಅಂತ.

ಮೊದಮೊದಲು ಅವಳಿಗೆ ಆ ಕೆಲಸದಲ್ಲಿ ಹುರುಪಿತ್ತು. ಈಗ ಹಾಗೇನೂ ಉಳಿದಿರಲಿಲ್ಲ. ಈ ವರ್ಷ ಮಾಡಿ ಅಂದದ್ದನ್ನು ಮುಂದಿನ ವರ್ಷ ಮಾಡಬೇಡಿ ಅನ್ನಬೇಕಾಗುತ್ತಿತ್ತು. ಸರ್ಚ್ ಕಂಪನಿಯವರು ನಿಯಮ ಬದಲಿಸುತ್ತಿದ್ದರು, ಯಾಕೆ ಅಂತ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಟಿಫಿನ್ ಡಬ್ಬಿ ಕೈಗಿಡುತ್ತಾ, “ಏನಮ್ಮಾ, ನಿಮ್ಮ ಯಂತ್ರಕ್ಕೆ ಇವತ್ತು ಯಾರ ಮೇಲೆ ಸಿಟ್ಟು?” ಅಂತ ದಿನಾ ಕೇಳುತ್ತಿದ್ದರು. ಅವರಿಗೆ ಸರ್ಚ್ ಎಂಜಿನ್ ಅಂದರೆ ಯಾವುದೋ ದೊಡ್ಡಮನೆಯ ಮುಂಗೋಪಿ ಯಜಮಾನನ ಹಾಗೆ. ಸೊಸೆ ಮೊದಲು ನಗುತ್ತಿದ್ದಳು. ಈಚೆಗೆ, “ಎಲ್ಲರ ಮೇಲೂ ಅತ್ತೆ,” ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು.

ಒಂದು ಮಂಗಳವಾರ ಹತ್ತೂವರೆ ಹೊತ್ತಿಗೆ ಬಾಗಿಲ ಬಳಿಯ ಹುಡುಗಿ ಫೋನ್ ಮಾಡಿ, “ಅಕ್ಕಾ, ನಿಮ್ಮನ್ನ ನೋಡೋಕೆ ಯಾರೋ ಹಿರಿಯರು ಬಂದಿದ್ದಾರೆ. ನಿಮ್ಮ ಹೆಸರು ಗೊತ್ತಿಲ್ವಂತೆ. ಕಿವಿಮಾತು ಬರೆಯೋರು ಬೇಕು ಅಂತಿದ್ದಾರೆ,” ಅಂದಳು.

ಓದುಗರು ಬೈದು ಪತ್ರ ಬರೆಯುವುದಿತ್ತು. ಹುಡುಕಿಕೊಂಡು ಬಂದವರು ಯಾರೂ ಇರಲಿಲ್ಲ. ಅವಳು ಎದ್ದು ಹೋದಳು.

ಅರವತ್ತೈದರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು. ತೊಡೆಯ ಮೇಲೆ ದಪ್ಪ ಫೈಲು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ ಅಂತ ಪರಿಚಯ ಹೇಳಿಕೊಂಡು ಅವರು ಫೈಲು ಬಿಚ್ಚಿದರು. ಒಳಗೆ ಅವಳ ಕಿವಿಮಾತುಗಳು. ಪ್ರಿಂಟ್ ತೆಗೆದು, ತೂತು ಹೊಡೆದು, ತಾರೀಖಿನ ಪ್ರಕಾರ ಜೋಡಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದದ್ದು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಜಗಳಕ್ಕೆ ಬಂದಿಲ್ಲ,” ಅಂದರು. “ಇದು ನೋಡಿ, ನಾಲ್ಕು ವರ್ಷದ ಹಿಂದಿನದು. ನಿಮ್ಮ ವೆಬ್‌ಸೈಟಿನಲ್ಲಿ ಊರಿನ ಒಂದೊಂದು ಬಡಾವಣೆಗೂ ಒಂದೊಂದು ಪುಟ ಮಾಡಿ, ಬಡಾವಣೆ ಹೆಸರು ಹಾಕಿ ಅಂತ ಬರೆದಿದ್ದೀರಿ. ನಾವು ನಲವತ್ತೆರಡು ಮಾಡಿದ್ವಿ. ಇದು ಹೋದ ತಿಂಗಳದು. ಹಾಗೆ ಮಾಡಿದವರನ್ನ ಸರ್ಚ್‌ನಲ್ಲಿ ಕೆಳಗೆ ತಳ್ತಾರೆ ಅಂತಿದೆ. ಎರಡೂ ನೀವೇ ಬರೆದದ್ದು. ನಾನು ಯಾವುದನ್ನ ನಂಬಲಿ?”

ಅವಳು ಎರಡೂ ಕಾಗದ ನೋಡಿದಳು. ಎರಡೂ ಅವಳದೇ ವಾಕ್ಯ, ಎರಡರಲ್ಲೂ ಅದೇ ಧೈರ್ಯದ ದನಿ. “ಆಗ ಅದು ಸರಿಯಿತ್ತು ಯಜಮಾನ್ರೇ, ಈಗ ನಿಯಮ...” ಅಂತ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಈ ಮಾತನ್ನು ಅವಳು ಪತ್ರಗಳಲ್ಲಿ ನೂರಾರು ಸಲ ಬರೆದಿದ್ದಳು. ಎದುರಿಗೆ ಕೂತ ಮನುಷ್ಯನಿಗೆ ಹೇಳಲು ನಾಲಿಗೆ ಏಳಲಿಲ್ಲ.

“ಅಂಗಡಿ ಎಲ್ಲಿ? ಮಧ್ಯಾಹ್ನ ಬರ್ತೀನಿ,” ಅಂದಳು.

ಎರಡು ಬೀದಿ ಆಚೆ, ಝೆರಾಕ್ಸ್ ಅಂಗಡಿಗೂ ಬೇಕರಿಗೂ ನಡುವೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಅಗಲದ ಮಳಿಗೆ. ಗೋಡೆಯುದ್ದಕ್ಕೂ ಯಂತ್ರಗಳು, ಒಂದೊಂದರ ಕುತ್ತಿಗೆಗೂ ದಾರದಲ್ಲಿ ಕಟ್ಟಿದ ಚೀಟಿ. ಮೂಲೆಯಲ್ಲಿ ಪುಟ್ಟ ಮೇಜು, ಹಳೆಯ ಕಂಪ್ಯೂಟರ್, ಅದರ ಮೇಲೆ ಹೂವಿನ ಕಸೂತಿ ಹಾಕಿದ ಬಟ್ಟೆಯ ಮುಸುಕು. ರಿಪೇರಿಯವರು ಆ ಮುಸುಕನ್ನು ಮೆಲ್ಲಗೆ ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು.

“ಇದರ ವ್ಯವಹಾರವೆಲ್ಲ ನಮ್ಮ ಮನೆಯವಳದು,” ಅಂದರು. “ನಿಮ್ಮ ಕಿವಿಮಾತು ಓದ್ತಿದ್ದವಳೂ ಅವಳೇ. ಮಧ್ಯಾಹ್ನ ನಾನು ಕೆಲಸ ಮಾಡ್ತಿದ್ರೆ ಇಲ್ಲಿ ಕೂತು ಟಕಟಕ ಅಂತ ಕುಟ್ಟೋಳು. ಹೋಗಿ ಒಂದೂವರೆ ವರ್ಷ ಆಯ್ತು. ಆಮೇಲಿನ ಕಾಗದ ನಾನು ಪಕ್ಕದ ಝೆರಾಕ್ಸ್ ಅಂಗಡೀಲಿ ತೆಗೆಸಿದ್ದು.”

ಟಿಪ್ಸಕ್ಕ ಮೇಜಿನ ಮುಂದೆ ಕೂತಳು. ಕಂಪ್ಯೂಟರ್ ಹಚ್ಚಿದಳು. ಬಾಬಿನ್‌ಗಳ ಡ್ರಾಯರಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿ ಪಾಸ್‌ವರ್ಡ್ ಸಿಕ್ಕಿತು. ಪುಟಗಳನ್ನು ಒಂದೊಂದಾಗಿ ತೆರೆದಳು. ‘ನೀರಿನ ಟ್ಯಾಂಕ್ ರಸ್ತೆಯಲ್ಲಿ ಅತ್ಯುತ್ತಮ ಹೊಲಿಗೆ ಯಂತ್ರ ರಿಪೇರಿ ಬೇಕೆ? ನೀರಿನ ಟ್ಯಾಂಕ್ ರಸ್ತೆಯ ನಂಬಿಕಸ್ತ ಹೊಲಿಗೆ ಯಂತ್ರ ರಿಪೇರಿ ನಮ್ಮದೇ.’ ಮುಂದಿನ ಪುಟದಲ್ಲಿ ‘ಸ್ಟೇಷನ್ ಹಿಂಭಾಗ’, ಅದರಾಚೆ ‘ಹಳೆ ಸೇತುವೆ’. ಹೆಸರು ಬಿಟ್ಟರೆ ಅಕ್ಷರ ಅಕ್ಷರವೂ ಅದೇ. ಅವಳು ನಾಲ್ಕು ವರ್ಷದ ಹಿಂದೆ ಮಾದರಿ ಅಂತ ಕೊಟ್ಟ ವಾಕ್ಯವೇ ಅದು. ಓದುತ್ತಾ ಹೋದಂತೆ ಅವಳಿಗೆ ತನ್ನ ಮೇಲೇ ಬೇಸರ ಬಂತು. ಒಬ್ಬ ಹೆಂಗಸು ಮಧ್ಯಾಹ್ನಗಳನ್ನೆಲ್ಲ ಇದಕ್ಕೆ ಸುರಿದಿದ್ದಳು.

ಆಮೇಲೆ ಯಾವ ಪುಟವನ್ನು ಎಷ್ಟು ಜನ ನೋಡಿದ್ದಾರೆ ಅನ್ನುವ ಪಟ್ಟಿ ತೆಗೆದಳು. ಮೂವತ್ತಾರು ಪುಟಕ್ಕೆ ತಿಂಗಳಿಂದ ನರಪಿಳ್ಳೆಯೂ ಬಂದಿರಲಿಲ್ಲ. ಆದರೆ ಕೊನೆಯ ಆರು ಪುಟಗಳಿಗೆ ದಿನಕ್ಕೆ ಹತ್ತು ಹನ್ನೆರಡು ಜನ ಬರುತ್ತಲೇ ಇದ್ದರು. ಇದೇನು ಸೋಜಿಗ ಅಂತ ಮೂವತ್ತೇಳನೆಯದನ್ನು ತೆರೆದಳು.

ಅಲ್ಲಿಗೆ ಬರುವ ಹೊತ್ತಿಗೆ ಆ ಹೆಂಗಸಿಗೂ ಬೇಜಾರು ಹಿಡಿದಿರಬೇಕು. ನಕಲು ಮಾಡುವುದನ್ನು ಬಿಟ್ಟು ತನ್ನ ಪಾಡಿಗೆ ಬರೆಯತೊಡಗಿದ್ದಳು. ಟಿಪ್ಸಕ್ಕ ಗಟ್ಟಿಯಾಗಿ ಓದಿದಳು:

“‘ಬಟ್ಟೆಯ ಕೆಳಗಡೆ ದಾರ ಗುಬ್ಬಿಗೂಡಿನ ಹಾಗೆ ಗಂಟು ಕಟ್ಟಿದರೆ ಯಂತ್ರ ಕೆಟ್ಟಿತು ಅಂತ ಹೆದರಬೇಡಿ. ಮೇಲಿನ ದಾರ ಸರಿಯಾಗಿ ಕೂತಿರುವುದಿಲ್ಲ, ಅಷ್ಟೆ. ಪೂರ್ತಿ ಬಿಚ್ಚಿ, ಯಂತ್ರದ ಪಾದ ಮೇಲೆತ್ತಿ, ಮೊದಲಿನಿಂದ ಪೋಣಿಸಿ. ಆಗಲೂ ಸರಿಹೋಗದಿದ್ದರೆ ನಮ್ಮ ಮನೆಯವರನ್ನು ಕರೆಯಿರಿ. ಅವರದು ಮಾತು ಕಮ್ಮಿ, ಕೆಲಸ ಚೆನ್ನ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಕರೆಯಬೇಡಿ. ಮಲಗಿರುತ್ತಾರೆ, ಕೇಳಿದರೆ ಒಪ್ಪುವುದಿಲ್ಲ.’”

ರಿಪೇರಿಯವರು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಹಾಗಂತ ಬರೆದಿದ್ದಾಳಾ?”

“ಹಾಗೇ ಇದೆ.”

“ನಾನು ಮಲಗ್ತಿರಲಿಲ್ಲ,” ಅಂದರು. ಆಮೇಲೆ ನಗು ಬಂತು. ನಗುತ್ತಲೇ ಬೆನ್ನು ತಿರುಗಿಸಿ, ಆಗಲೇ ಒರೆಸಿಟ್ಟಿದ್ದ ಯಂತ್ರವೊಂದನ್ನು ಮತ್ತೆ ಒರೆಸತೊಡಗಿದರು. ಟಿಪ್ಸಕ್ಕ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು, “ದಿನಕ್ಕೆ ಹತ್ತು ಜನ ನೋಡ್ತಿದ್ದಾರೆ. ವಾರಕ್ಕೆ ನಾಲ್ಕಾದರೂ ಫೋನ್ ಬರ್ಬೇಕಲ್ಲ ಯಜಮಾನ್ರೇ?”

“ಒಂದೂ ಇಲ್ಲ. ಬರೋರೆಲ್ಲ ಹಳಬರು, ಇಲ್ಲ ಬೀದೀಲಿ ಹೋಗ್ತಾ ಬೋರ್ಡ್ ನೋಡಿ ಬಂದೋರು. ಅದಕ್ಕೇ ತಾನೇ ನಿಮ್ಮ ಹತ್ರ ಓಡಿ ಬಂದದ್ದು?”

ಅವಳು ಪುಟದ ಕೆಳಗಿದ್ದ ನಂಬರನ್ನು ಓದಿ ಹೇಳಿದಳು. ಅವರು ಕೈ ನಿಲ್ಲಿಸಿದರು.

“ಅದು ಅವಳ ನಂಬರ್,” ಅಂದರು. “ಆಸ್ಪತ್ರೆಗೆ ಸೇರಿಸಿದ ದಿನ ಚಾರ್ಜ್ ಮುಗೀತು. ಆಮೇಲೆ ಹಚ್ಚೋಕೆ ಮನಸ್ಸಾಗ್ಲಿಲ್ಲ. ಮನೇಲಿ ಬೀರು ಒಳಗೆ ಇದೆ.”

ಸರ್ಚ್‌ನ ಭೂಪಟದಲ್ಲಿ ಅಂಗಡಿ ತೋರಿಸುವ ಜಾಗದಲ್ಲೂ ಅದೇ ನಂಬರ್ ಇತ್ತು. ಒಂದೂವರೆ ವರ್ಷ ಜನ ಅಂಗಡಿಯನ್ನು ಹುಡುಕಿ, ಪುಟ ಓದಿ, ಮಾತು ಹಿಡಿಸಿ, ಬೀರುವಿನೊಳಗೆ ಆರಿಹೋದ ಫೋನಿಗೆ ಕರೆ ಮಾಡಿ ಸುಮ್ಮನಾಗಿದ್ದರು. ನಿಯಮ ಬದಲಾದದ್ದೂ ನಿಜ, ಮೂವತ್ತಾರು ಪುಟ ಮುಳುಗಿದ್ದೂ ನಿಜ. ಅದರ ಜೊತೆಗೆ ಇದು. ಇಷ್ಟು ವರ್ಷದಲ್ಲಿ ‘ನಿಮ್ಮ ಫೋನ್ ನಂಬರ್ ಸರಿಯಿದೆಯೇ, ಒಮ್ಮೆ ನೋಡಿ’ ಅಂತ ತಾನು ಒಂದು ದಿನವೂ ಬರೆದಿಲ್ಲ ಅನ್ನುವುದು ಟಿಪ್ಸಕ್ಕನಿಗೆ ಹೊಳೆಯಿತು. ಅಷ್ಟು ಸಣ್ಣ ಮಾತನ್ನು ಯಾರು ಓದುತ್ತಾರೆ ಅಂದುಕೊಂಡಿದ್ದಳು.

“ಬದಲಾಯಿಸ್ಲಾ?” ಅಂತ ಕೇಳಿದಳು.

ಅವರು ಒರೆಸುವ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ತಮ್ಮ ನಂಬರ್ ಹೇಳಿದರು. ಮೊದಲ ಸಲ ಒಂದು ಅಂಕಿ ತಪ್ಪಿತು, ಎರಡನೆಯ ಸಲ ಸರಿಯಾಯಿತು.

ಇನ್ನು ಮೂವತ್ತಾರು ಪುಟ ಅಳಿಸುವುದು. ಅವು ಇದ್ದಷ್ಟು ದಿನ ಉಳಿದ ಆರನ್ನೂ ಕೆಳಗೆಳೆಯುತ್ತವೆ ಅಂತ ಅವಳು ವಿವರಿಸಿದಳು. ಎಲ್ಲವನ್ನೂ ಪ್ರಿಂಟ್ ತೆಗೆದು ಕೊಡಲೇ ಅಂತಲೂ ಕೇಳಿದಳು.

“ಒಂದೇ ಸಾಲನ್ನ ಮೂವತ್ತಾರು ಸಲ ಇಟ್ಕೊಂಡು ಏನ್ ಮಾಡ್ಲಿ?” ಅಂದರು. ಆದರೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಒಂದೊಂದನ್ನೂ ತೆರೆದು ತೋರಿಸಬೇಕು, ಆಮೇಲೆ ಅಳಿಸಬೇಕು. ಹಳೆ ಸೇತುವೆಯದು ಬಂದಾಗ, “ಅಲ್ಲಿ ಒಬ್ಬ ದರ್ಜಿ ಇದ್ದ, ಎರಡು ಯಂತ್ರ ಮಾಡಿಕೊಟ್ಟಿದ್ದೆ,” ಅಂದರು. ಇನ್ನೊಂದರಲ್ಲಿ ‘ರಿಪೇರಿ’ ಅನ್ನುವುದು ‘ರಪೇರಿ’ ಅಂತ ಬಿದ್ದಿತ್ತು. ಆ ಅಕ್ಷರದ ಮೇಲೆ ಬೆರಳಿಟ್ಟರು. ಬೆರಳು ತೆಗೆದು, “ಹೂಂ,” ಅಂದರು. ಅವಳು ಒತ್ತಿದಳು. ಮುಗಿಯುವ ಹೊತ್ತಿಗೆ ಬೇಕರಿಯಲ್ಲಿ ಸಂಜೆಯ ಬನ್ನಿನ ವಾಸನೆ ಎದ್ದಿತ್ತು, ಇಬ್ಬರಿಗೂ ಬೆನ್ನು ಹಿಡಿದುಕೊಂಡಿತ್ತು.

ಮರುದಿನ ಆಫೀಸಿನಲ್ಲಿ ಅವಳು ಸುಮ್ಮನೆ ಒಂದು ಪ್ರಶ್ನೆ ಹುಡುಕಿದಳು: ಪ್ರತಿ ಬಡಾವಣೆಗೂ ಬೇರೆ ಪುಟ ಬೇಕೇ? ಈಚೆಗೆ ಸರ್ಚ್ ಎಂಜಿನ್ನೇ ಎಲ್ಲ ಕಡೆಯಿಂದ ಹೆಕ್ಕಿ, ಪುಟದ ತಲೆಯ ಮೇಲೆ ತನ್ನದೇ ಉತ್ತರ ಕೊಡುತ್ತಿತ್ತು. ಉತ್ತರ ಅಲ್ಲೇ ಸಿಕ್ಕರೆ ಜನ ಒಳಗೆ ಬಂದು ಓದುವುದು ಯಾಕೆ? ಅವಳ ಅಂಕಣದ ಓದುಗರು ಅದರಿಂದಲೇ ಅರ್ಧಕ್ಕೆ ಇಳಿದಿದ್ದರು. ಆ ದಿನ ಬಂದ ಉತ್ತರ: ‘ಹೌದು, ಪ್ರತಿ ಬಡಾವಣೆಗೂ ಒಂದು ಪುಟ ಮಾಡಿ, ಬಡಾವಣೆಯ ಹೆಸರನ್ನು ಮೊದಲ ಸಾಲಿನಲ್ಲೇ ಬಳಸಿ.’ ನಾಲ್ಕು ವರ್ಷದ ಹಿಂದಿನ ಅವಳದೇ ಮಾತು. ಯಾರೋ ಇನ್ನೊಬ್ಬರು ಈ ಹೊತ್ತಿನಲ್ಲಿ ಅದನ್ನು ಓದಿ ಟೈಪ್ ಮಾಡಲು ಕೂರುತ್ತಿರಬಹುದು.

ಅವಳು ಅಂದಿನ ಸುದ್ದಿ ಬದಿಗಿಟ್ಟು ಬರೆದಳು: ‘ಬಡಾವಣೆಗೊಂದು ಪುಟ ಮಾಡಿ ಅಂತ ನಾನು ಹೇಳಿದ್ದು ಈಗ ತಪ್ಪು. ಮಾಡಿದ್ದರೆ ಅಳಿಸಿ. ಗಿರಾಕಿ ಫೋನಿನಲ್ಲಿ ನಿಮ್ಮನ್ನು ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದು, ನಿಮ್ಮ ಮಾತಿನಲ್ಲಿ ಉತ್ತರ ಕೊಡಿ. ಅದಕ್ಕೂ ಮೊದಲು ನಿಮ್ಮ ಪುಟದಲ್ಲಿರುವ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ.’

ಮುಖ್ಯಸ್ಥ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಓದಿ ಹುಬ್ಬು ಗಂಟಿಕ್ಕಿದ. “ಅಕ್ಕಾ, ನಮ್ಮ ತಪ್ಪನ್ನ ನಾವೇ ಡಂಗುರ ಹೊಡೆದ್ರೆ ಹೇಗೆ? ಹೊಸ ಅಪ್‌ಡೇಟ್ ಸುದ್ದಿ ಇದೆಯಲ್ಲ, ಅದು ಹಾಕಿ.”

“ಅದು ನಾಳೆಗೂ ಇರುತ್ತಪ್ಪ. ಇದು ಇವತ್ತು ಹೋಗ್ಲಿ.”

“ಯಾರು ಓದ್ತಾರೆ ಇದನ್ನ?”

“ಹಳೇದನ್ನ ಓದಿ, ಅದೇ ಪ್ರಕಾರ ಮಾಡಿ, ನಾಲ್ಕು ವರ್ಷ ಕಾದವರನ್ನ ನಿನ್ನೆ ನೋಡಿ ಬಂದಿದ್ದೀನಿ,” ಅಂದಳು. ಅವಳ ದನಿ ಏರಲಿಲ್ಲ, ಏರಿಸುವ ತ್ರಾಣವೂ ಇರಲಿಲ್ಲ. ಬಹುಶಃ ಅದಕ್ಕೇ ಅವನು ಹೆಚ್ಚು ಎಳೆಯಲಿಲ್ಲ.

ಹಳೆಯ ಬರಹವನ್ನೂ ಅವಳು ತಿದ್ದಿದಳು. ಸರ್ಚ್ ಎಂಜಿನ್ನಿನ ತಲೆಮೇಲಿನ ಉತ್ತರ ಬದಲಾಗಲು ಮೂರು ವಾರ ಹಿಡಿಯಿತು. ಆ ಅಂಕಣಕ್ಕೆ ಐದು ಪತ್ರ ಬಂದವು. ಎರಡರಲ್ಲಿ ಬೈಗುಳ, ಎರಡರಲ್ಲಿ ಮುಂದೇನು ಅನ್ನುವ ಪ್ರಶ್ನೆ. ಕನ್ನಡಕದ ಅಂಗಡಿಯವನೊಬ್ಬ ತನ್ನ ನಂಬರಿಗೆ ತಾನೇ ಕರೆ ಮಾಡಿದಾಗ ಬೇರೆ ಯಾರದೋ ಮನೆಗೆ ಹೋಯಿತು ಅಂತ ಬರೆದಿದ್ದ. ರಿಪೇರಿಯವರಿಗೆ ವಾರಕ್ಕೆ ನಾಲ್ಕೈದು ಕರೆ ಬರತೊಡಗಿದವು. ಕರೆಯುವವರಲ್ಲಿ ಅರ್ಧ ಜನ ಪುಟ ಬರೆದವರು ಯಾರು ಅಂತ ಕೇಳುತ್ತಾರಂತೆ. ಅದಕ್ಕೆ ಉತ್ತರ ಹೇಳುವುದೇ ತಮಗೆ ಕಷ್ಟ, ಯಂತ್ರದ ಕೆಲಸ ಸಲೀಸು, ಅಂತ ಅವರು ಒಮ್ಮೆ ಫೋನಿನಲ್ಲಿ ಹೇಳಿದರು.

ಹನ್ನೊಂದು ವರ್ಷದ ಕಿವಿಮಾತುಗಳು ಒಟ್ಟು ಎರಡು ಸಾವಿರದ ಆರು ನೂರರ ಮೇಲೆ ಇದ್ದವು. ಒಂದೊಂದನ್ನೂ ತೆಗೆದು ನೋಡಬೇಕು ಅಂತ ಅವಳು ಕೇಳಿದಾಗ ಮುಖ್ಯಸ್ಥ ತಲೆ ಕೆರೆದುಕೊಂಡು ವಾರಕ್ಕೆ ಎರಡು ಮಧ್ಯಾಹ್ನ ಬಿಟ್ಟುಕೊಟ್ಟ. ಬೆಳಿಗ್ಗೆಯ ಸುದ್ದಿ ಮಾತ್ರ ತಪ್ಪಬಾರದು ಅಂದ. ತಪ್ಪಿಸಲಿಲ್ಲ. ಗುರುವಾರ ಮಧ್ಯಾಹ್ನ ಅವಳು ಮೊದಲ ವರ್ಷದ ಕಡತ ತೆಗೆದಳು. ಇಪ್ಪತ್ತು ಓದಿದಳು. ಹದಿನಾಲ್ಕರ ಮೇಲೆ ‘ಇದು ಈಗ ಸಲ್ಲದು’ ಅಂತ ಬರೆದಳು, ನಾಲ್ಕನ್ನು ಅಳಿಸಿದಳು, ಎರಡನ್ನು ಇದ್ದ ಹಾಗೇ ಉಳಿಸಿದಳು. ಐದೂವರೆಗೆ ಕಣ್ಣು ಉರಿಯತೊಡಗಿತು. ಚಷ್ಮಾ ತೆಗೆದು, ಮುಖ ತೊಳೆದು ಬಂದು, ಎಲ್ಲಿಗೆ ನಿಲ್ಲಿಸಿದ್ದೇನೆ ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಟ್ಟು, ಬಸ್ಸು ಹಿಡಿಯಲು ಇಳಿದಳು.