ಅಕ್ಕನ ಬಾಣಲೆಗೆ ಬಿದ್ದ ಸಕ್ಕರೆ

ಹಾಡು ಕಟ್ಟುವವರ ನಾಲಿಗೆಗೆ ಎಲುಬಿಲ್ಲ ಎಂಬುದಕ್ಕೆ ವರ್ಲನ್ ಟ್ಯಾಕೆಟ್‌ಗಿಂತ ಬೇರೆ ಸಾಕ್ಷಿ ಬೇಡ. ವರ್ಷಕ್ಕೆ ಇನ್ನೂರು ದಿನ ಗಿಟಾರು ಹೊತ್ತು ವ್ಯಾನಿನಲ್ಲಿ ಅಲೆಯುತ್ತಾನೆ, ಪೆಟ್ರೋಲ್ ಬಂಕಿನ ಒಣ ಸ್ಯಾಂಡ್‌ವಿಚ್ ತಿನ್ನುತ್ತಾನೆ, ಬರೆದದ್ದು ಮಾತ್ರ ಮನೆಯೂಟದ ಹಾಡು. ತಾಯಿಯಿಲ್ಲದ ತನ್ನನ್ನು ಸಾಕಿದ ಅಕ್ಕ ಓಜೆಲ್ಲಾಳ ಹೆಸರು ಹಾಕಿ, ಅವಳು ಕಬ್ಬಿಣದ ಬಾಣಲೆಯಲ್ಲಿ ಬೇಯಿಸುವ ಮೆಕ್ಕೆಜೋಳದ ಬ್ರೆಡ್ಡನ್ನು ಹೊಗಳಿದ್ದ. ಒಂದು ಕಡೆ ಸಾಲು ರಾಗಕ್ಕೆ ಸಾಲದೆ ಬಂತು. ಅಕ್ಕ ಎಂದೂ ಸಕ್ಕರೆ ಹಾಕಿದವಳಲ್ಲದಿದ್ದರೂ 'ಸಕ್ಕರೆ ಬೆರೆಸಿದ' ಎಂದು ತುರುಕಿದ. ಹಾಡು ರೇಡಿಯೋದಲ್ಲಿ ಗೆದ್ದಿತು.

ಅಮೆರಿಕದ ದಕ್ಷಿಣಕ್ಕೆ ಸೇರಿದ ಕೆಂಟಕಿಯಲ್ಲಿ, ಅವರ ಊರಿನ ಗುಡ್ಡಗಳಲ್ಲಿ, ಆ ಬ್ರೆಡ್ಡಿಗೆ ಸಕ್ಕರೆ ಹಾಕುವವಳು ಒಂದೋ ಅಡುಗೆ ಬಾರದವಳು, ಇಲ್ಲ ಉತ್ತರದ ರಾಜ್ಯಗಳಿಂದ ಬಂದ ಹೊರಗಿನವಳು. ಯಾವುದು ಹೆಚ್ಚು ಅವಮಾನವೋ ದೇವರೇ ಬಲ್ಲ.

ಅಕ್ಕನ ಪಕ್ಕದ ಮನೆಯ ಇಮೋಜೀನ್ ವರ್ಲನ್‌ಗೆ ಫೋನ್ ಮಾಡಿದಳು. "ಭಾನುವಾರ ಚರ್ಚಿನ ಊಟಕ್ಕೆ ಎಲ್ಲರೂ ಮನೆ ಅಡುಗೆ ತಂದ್ರೆ, ನಿನ್ನಕ್ಕ ಬಾಣಲೆ ತರೋದೇ ಬಿಟ್ಟಿದ್ದಾಳೆ ಕಣಪ್ಪಾ. ಹೆಂಗಸರು ಆಡ್ಕೊಂಡು ನಗ್ತಾರೆ. ಇಪ್ಪತ್ತಾರು ವರ್ಷದಿಂದ ಎಲ್ಲಕ್ಕಿಂತ ಮೊದಲು ಖಾಲಿ ಆಗ್ತಿದ್ದದ್ದು ಅವಳ ಬಾಣಲೆ. ಅದನ್ನ ನೀನು ಮೂರು ನಿಮಿಷದ ಹಾಡಲ್ಲಿ ಮುಗಿಸಿಬಿಟ್ಟೆ."

ವರ್ಲನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಶನಿವಾರ ಸಂಜೆ ಊರು ಸೇರಿ ಅಕ್ಕನ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ನಿಂತ.

"ಅಕ್ಕಾ, ತಪ್ಪಾಯ್ತು. ನಾಳೆ ಚರ್ಚಿನ ಊಟದಲ್ಲಿ ಎಲ್ಲರೆದುರು ಒಪ್ಕೋತೀನಿ, ನಾನು ಬರೆದದ್ದು ಸುಳ್ಳು ಅಂತ."

"ಊರೂರಲ್ಲಿ ಹಾಡಿ ಬಂದವನು ಈಗ ಸುಳ್ಳುಗಾರ ಅನ್ನಿಸ್ಕೋಬೇಕಾ? ಬಾಯಿ ಮುಚ್ಕೊಂಡು ಊಟ ಮಾಡು," ಎಂದಳು ಓಜೆಲ್ಲಾ. ತಟ್ಟೆಯಲ್ಲಿ ಬೇಯಿಸಿದ ಕಾಳಿತ್ತು, ಈರುಳ್ಳಿ ಇತ್ತು. ಬ್ರೆಡ್ ಇರಲಿಲ್ಲ.

ಮರುದಿನ ಚರ್ಚಿನ ಅಂಗಳದ ಉದ್ದನೆ ಮೇಜಿನ ಮೇಲೆ ಓಜೆಲ್ಲಾ ಬಾಣಲೆ ತಂದಿಟ್ಟಳು. ಅಬ್ಬಾ, ಅಕ್ಕ ಗಟ್ಟಿಗಿತ್ತಿ, ತಿಂದವರೇ ಇನ್ನು ಬಾಯಿ ಮುಚ್ಚುತ್ತಾರೆ ಎಂದು ವರ್ಲನ್ ಅವಳ ಪಕ್ಕ ಕೂತು ಎಲ್ಲರಿಗಿಂತ ಮೊದಲು ಒಂದು ತುಂಡು ಮುರಿದು ಬಾಯಿಗಿಟ್ಟ. ಸಿಹಿಯಾಗಿತ್ತು.

"ಹಾಗಾದ್ರೆ ಹಾಡು ನಿಜಾನಾ ಓಜೆಲ್ಲಾ?" ತಾನೂ ಒಂದು ತುಂಡು ರುಚಿ ನೋಡಿ ಕೇಳಿದಳು ಇಮೋಜೀನ್. ಸುತ್ತಲಿನ ಹೆಂಗಸರು ಹತ್ತಿರ ಸರಿದರು.

"ನಿಜವೇ. ನಮ್ಮ ಮನೇಲಿ ಸಕ್ಕರೆ ಹಾಕೇ ಮಾಡೋದು. ಇಲ್ಲಿಗೆ ತರುವಾಗ ಮಾತ್ರ ಹಾಕ್ತಿರಲಿಲ್ಲ. ನನ್ನ ತಮ್ಮ ಯಾಕೆ ಸುಳ್ಳು ಬರೀತಾನೆ?"

ಸುಳ್ಳಾಡಿದರೆ ನಾಲಿಗೆ ಸುಡುತ್ತೇನೆಂದು ಅವನನ್ನು ಬೆಳೆಸಿದವಳು ಅವಳು. ಇಲ್ಲ, ಸುಳ್ಳು ಬರೆದದ್ದು ನಾನು ಎಂದು ಹೇಳಬೇಕೆಂದು ವರ್ಲನ್ ಏಳಹೋದ. ಆದರೆ ಈಗ ಹಾಗೆಂದರೆ ದೇವರ ಅಂಗಳದಲ್ಲಿ ಸುಳ್ಳಾಡಿದವಳು ಅಕ್ಕನೇ ಆಗುತ್ತಿದ್ದಳು. ಅವಳು ಮೇಜಿನ ಕೆಳಗೆ ಅವನ ಮಣಿಕಟ್ಟು ಒತ್ತಿ ಹಿಡಿದಿದ್ದಳು.

ಹೆಂಗಸರು ಮುಖ ಮುಖ ನೋಡಿಕೊಂಡು ಬೇರೆ ತಟ್ಟೆಗಳತ್ತ ಹೋದರು. ಬಾಣಲೆಯ ಹತ್ತಿರ ಯಾರೂ ಬರಲಿಲ್ಲ. ವರ್ಲನ್ ಒಬ್ಬನೇ ಕೂತು, ತುಂಡು ತುಂಡಾಗಿ, ತಳ ಕಾಣುವವರೆಗೆ ತಿಂದ.